ಗದರಿಸಿ ಮಾರಿದ ಬೊಂಡಾಸ್

ಶುಕ್ರವಾರ, ಜನವರಿ ೧೬

ಬೆಕ್ಕಿನ ಉಪಾಯ ಮೊದಲು ಹೇಳಿದವಳು ಹೆಂಡತಿ ಚಂಪಾ, ನಿನ್ನೆ ಊಟಕ್ಕೆ ಕುಳಿತಾಗ.

ಮೀನು ರಫ್ತಿಗೆಂದು ನಾನು ಸೇರಿದ ಮಣಿಪಾಲದ ತರಬೇತಿಯಲ್ಲಿ ಚೀನೀ ಭಾಷೆ ಬಿಟ್ಟು ಬೇರೆ ಮಾತೇ ಇಲ್ಲ. ಆದರೂ ‘ಮಾಯ್’ ಎಂಬ ಒಂದು ಪದ ನನ್ನನ್ನು ಕಾಡುತ್ತಿತ್ತು. ದನಿಯನ್ನು ಗಟ್ಟಿಯಾಗಿ ಇಳಿಸಿದರೆ ಮಾರುವುದು, ತಗ್ಗಿಸಿ ಎಳೆದರೆ ಕೊಳ್ಳುವುದು. ಗಿರಾಕಿಯೆಂಬ ಮರ್ಯಾದೆಗೆ ನಾನು ಎಳೆದು ಎಳೆದು, ಬೊಂಡಾಸ್ ಮೀನು ಮಾರುವ ಬದಲು ಕೊಳ್ಳುತ್ತೇನೆ ಎನ್ನುತ್ತಿದ್ದೆ. ಇವತ್ತು ಶಾಂಘೈಯ ಗಿರಾಕಿಯ ಫೋನು. ತಪ್ಪಿದ್ದರೆ ಮೊದಲ ಆರ್ಡರೇ ಹೋಗುತ್ತಿತ್ತು.

“ಎಂತಕ್ಕೆ ಅಷ್ಟು ನಯ ಮಾರಾಯ್ರೆ? ಮೀನಿಗೆ ಬಾಯಿ ಹಾಕುವ ಬೆಕ್ಕಿಗೆ ‘ಪೋ’ ಅಂತ ಗದರಿಸ್ತೀರಲ್ಲ, ಹಾಗೇ ಹೇಳಿ!” ಎಂದಿದ್ದಳು.

ಬೆಳಿಗ್ಗೆ ಫೋನಿನಲ್ಲಿ ‘ಮಾಯ್’ ಎಂದು ಹಾಗೆಯೇ ಗದರಿಸಿದೆ. ಆಚೆಯವರು ಒಮ್ಮೆ ಬೆಚ್ಚಿದಂತಿತ್ತು. ಆಮೇಲೆ ಚೀನಿಯಲ್ಲೇ ಕೇಳಿದರು: “ಯಾವಾಗ ಕಳಿಸುತ್ತೀರಿ?”

ಕೊಳ್ಳುವವನನ್ನು ಯಾರೂ ಹಾಗೆ ಕೇಳುವುದಿಲ್ಲವಲ್ಲ! ಅಬ್ಬ, ಬದುಕಿದೆ.