ಸೈಲೆನ್ಸರಿಗೆ ಕಟ್ಟಿದ ಎರಡು ಅರಿವೆ

ಬಸವನ ಬಾಗೇವಾಡಿ
೧೭ ನವೆಂಬರ್ ೧೯೬೩

ಇಂಡಿ ಊರಿನ ಗೈಬುಸಾಬ ಕಾಕಾ ಅವರಿಗೆ, ನಿಮ್ಮ ಬಾಜೂ ಮನೆಯಲ್ಲಿ ಬೆಳೆದ ಗುರವ್ವ ಮಾಡುವ ನಮಸ್ಕಾರಗಳು.

ಮೊಮ್ಮಗಳು ಮೆಹರಾಜ ಹುಟ್ಟಿದ ಸುದ್ದಿಯನ್ನು ನಿಮ್ಮ ಕಾಗದದಲ್ಲಿ ಓದಿ ಬಹಳ ಸಂತೋಷವಾಯಿತು. ಅದರ ಮುಂದಿನ ಸಾಲನ್ನು ಎರಡು ಸಲ ಓದಿದೆ. ಮೆಹರಾಜಳ ತೊಟ್ಟಿಲನ್ನು ಮೋಟಾರು ಶೆಡ್ಡಿನ ಕಡೆಯ ಪಡಸಾಲೆಯಲ್ಲಿ ಕಟ್ಟಿದ್ದೀರಿ. "ಸ್ಪಿರಿಟ್ ಬೆರಸಿದ ಪೆಟ್ರೋಲಿನ ಹೊಗಿ ಏನೂ ಮಾಡೂದಿಲ್ಲಂತ ನೀನ ಹೇಳಿದ್ದೆಲಾ" ಎಂದು ಬರೆಸಿದ್ದೀರಿ. ಹೌದು, ಆರು ವರ್ಷದ ಹಿಂದೆ ಹೇಳಿದ್ದು ನಾನೇ. ಅದು ಸುಳ್ಳು, ಕಾಕಾ.

ಆಗ ನನಗೆ ಉಬ್ಬಸ. ನಸುಕಿನಲ್ಲಿ ಸಿಂದಗಿಗೆ ಹೋಗುವ ಮೋಟಾರು ಬಸ್ಸನ್ನು, ಮಿಸ್ತ್ರಿಯಾಗಿದ್ದ ನೀವು ಶೆಡ್ಡಿನೊಳಗೆ ಚಾಲು ಮಾಡುತ್ತಿರಲಿಲ್ಲ. ಹೊಗೆ ನನ್ನ ಕಿಟಕಿಗೆ ಬರುತ್ತದೆಂದು ಕಂಡಕ್ಟರನೊಡನೆ ಬೇವಿನ ಗಿಡದವರೆಗೆ ದೂಡಿ, ಅಲ್ಲಿ ಹ್ಯಾಂಡಲ್ ಹೊಡೆದು ಚಾಲು ಮಾಡುತ್ತಿದ್ದಿರಿ. ಮೋಟಾರು ಹೋದ ಮೇಲೆ ಸೊಂಟ ಹಿಡಿದುಕೊಂಡು ಕಟ್ಟೆಯ ಮೇಲೆ ಕೂಡುತ್ತಿದ್ದಿರಿ.

ಕಬ್ಬಿನ ಕಾಕಂಬಿಯಿಂದ ತೆಗೆದ ಸ್ಪಿರಿಟ್ ಬೆರೆಸಿದ ಪೆಟ್ರೋಲು ಬಂದಾಗ, ಅದರ ಹೊಗೆಯಾದರೂ ನನಗೆ ತ್ರಾಸು ಕೊಡುವುದಿಲ್ಲವೋ ಎಂದು ಪರೀಕ್ಷೆ ಹೂಡಿದವರು ನೀವೇ. ಒಂದು ದಿನ ಬರೀ ಪೆಟ್ರೋಲು, ಮರುದಿನ ಬೆರಕೆಯದು. ಎರಡು ದಿನವೂ ಸೈಲೆನ್ಸರಿನ ಬಾಯಿಗೆ ಒಂದೊಂದು ಬಿಳಿ ಅರಿವೆ.

ಮಾಬುಬಿ ಕಾಕು, "ಹೊಸಾ ಧೋತರ ಹರದಾರ ನೋಡ! ಮೈಯಾಗಿನ ಪೆಟ್ರೋಲ್ ವಾಸನಿಗೆ ಇವರ ಬಾಜೂಕ ಕುಂತು ಬೀಡಿ ಹಚ್ಚಾಕ ಮಂದಿ ಅಂಜತಾರ, ಈಗ ಡಾಕ್ಟರ ಬ್ಯಾರೆ ಆಗ್ಯಾರ" ಎಂದು ಬೈದರು. ನೀವು ಎರಡೂ ಅರಿವೆಗಳನ್ನು ನನ್ನ ಮುಂದೆ ಹರವಿ, "ನೀನ ಹೇಳವಾ ಗುರವ್ವಾ. ಪೈಪಿಗೆ ಬಾಯಿ ಹಚ್ಚಿ ಪೆಟ್ರೋಲ್ ಎಳದು ಎಳದು ನನ್ನ ಮೂಗು ಸತ್ತೈತಿ" ಎಂದಿರಿ.

ಎರಡನೆಯ ಅರಿವೆಗೆ ಮಸಿ ಕಡಿಮೆ ಹತ್ತಿತ್ತು. ಅದು ನಿಜ. ಆದರೆ ಆ ದಿನ, ನೋಡಲು ಬಂದಿದ್ದ ನನ್ನ ಕಣ್ಣು ಹೆಚ್ಚು ಉರಿದಿತ್ತು. ಎದೆ ಎಂದಿನಂತೆಯೇ ಬಿಗಿದಿತ್ತು. ಅಷ್ಟನ್ನೂ ಹೇಳಬೇಕಿತ್ತು. ಸೊಂಟದ ಮೇಲಿದ್ದ ನಿಮ್ಮ ಕೈ ನೋಡಿ, "ಇದರಿಂದ ಏನೂ ಆಗೂದಿಲ್ರಿ ಕಾಕಾ, ಇನ್ನ ದೂಡಬ್ಯಾಡ್ರಿ" ಎಂದೆ.

ಮರುದಿನದಿಂದ ಮೋಟಾರು ಶೆಡ್ಡಿನಲ್ಲೇ ಚಾಲು ಆಯಿತು. ನಾನು ಕಿಟಕಿಯ ಸಂದಿಗೆ ಒದ್ದೆ ಪಂಜೆ ತುರುಕಿ, ನಿಮಗೆ ಕೇಳಿಸದಂತೆ ದಿಂಬಿನೊಳಗೆ ಕೆಮ್ಮುತ್ತಿದ್ದೆ.

ನನಗಾಗ ಹದಿನೇಳು. ನಾನು ಹೇಳಿದ ಸುಳ್ಳಿಗೆ ನಾನೇ ಕೆಮ್ಮಿದೆ. ಮೆಹರಾಜ ಎರಡು ತಿಂಗಳ ಕೂಸು. ಅವಳಿಗೆ ದಿಂಬಿನೊಳಗೆ ಕೆಮ್ಮಲು ಬರುವುದಿಲ್ಲ. ಈ ಕಾಗದ ಮುಟ್ಟಿದ ಕೂಡಲೇ ತೊಟ್ಟಿಲನ್ನು ಹಿತ್ತಲ ಕೋಣೆಗೆ ಸಾಗಿಸಿರಿ. ನನ್ನ ಮೇಲೆ ಸಿಟ್ಟಾದರೂ ಆಗಿರಿ, ಮತ್ತೆ ಮೋಟಾರು ಮಾತ್ರ ದೂಡಬೇಡಿರಿ. ತೊಟ್ಟಿಲು ಹಗುರ, ಕಾಕಾ.

ಕೂಸಿಗೆ ಎದೆ ತುಂಬ ಉಸಿರು ಸಿಗಲಿ.

ನಿಮ್ಮ ಮಗಳಂಥ
ಗುರವ್ವ