ಟ್ವೆಟ್ ಒತ್ತದ ಗುಂಡಿ

ಮಾರ್ಚ್ ೧೪, ರಾಜಧಾನಿ ಹೆಲೆನಾ

ಟ್ವೆಟ್‌ನ ಕೈಗಳು ಕಣ್ಣಿಗೆ ಕಟ್ಟಿದಂತಿವೆ.

ನನ್ನ ಹೆಂಡತಿ ಲವೋನ್‌ಳ ಹೃದಯದ ಆಪರೇಷನ್ ಇವತ್ತೇ, ನಮ್ಮೂರ ಶಾಲೆ ಉಳಿಸುವ ಮಸೂದೆಯ ಮತವೂ ಇವತ್ತೇ. ನಿನ್ನೆ, ಮಸೂದೆಯನ್ನು ವಿರೋಧಿಸುವ ಎದುರು ಪಕ್ಷದ ಶಾಸಕ ಟ್ವೆಟ್ ತಾನಾಗಿ ಬಂದ. "ಹೆಂಡ್ತಿ ಹತ್ರ ಹೋಗೋ ಮುದಿಗೂಬೆ. ನೀನಿಲ್ದೆ ನಾನೂ ಮತದ ಗುಂಡಿ ಒತ್ತಲ್ಲ, ಲೆಕ್ಕ ಸಮ ಆಗತ್ತೆ."

"ಬರ್ದು ಕೊಡು."

"ಮಾತು ಸಾಲ್ದೇನೋ?" ಎಂದು ನಕ್ಕ.

ಕೈ ಕುಲುಕಿದೆ. ಆದರೆ ಇಪ್ಪತ್ತೆಂಟು ವರ್ಷದಿಂದ ಶಾಸಕನಾಗಿರುವವನು ನಾನು, ಆ ನಗುವನ್ನು ನಂಬಲಾಗಲಿಲ್ಲ. ಇವತ್ತು ಆಸ್ಪತ್ರೆಯ ಬಾಗಿಲಿಂದಲೇ ಕಾರು ತಿರುಗಿಸಿ, ಸದನಕ್ಕೆ ಓಡಿ ಬಂದು ಹಸಿರು ಗುಂಡಿ ಒತ್ತಿದೆ. ಟ್ವೆಟ್ ನನ್ನನ್ನು ನೋಡಿದ. ಎರಡೂ ಕೈ ಮೇಜಿನ ಮೇಲಿಟ್ಟು, ತನ್ನ ಗುಂಡಿ ಮುಟ್ಟದೆ ಕೂತ. ಒಂದೇ ಮತದಿಂದ ಗೆದ್ದೆವು.

"ಲವೋನ್ ಹೇಗಿದಾಳೆ?" ಎಂದಷ್ಟೇ ಕೇಳಿದ. ನನಗೆ ಗೊತ್ತಿರಲಿಲ್ಲ.

ಚೆನ್ನಾಗಿದ್ದಾಳೆಂದು ಸಂಜೆ ನರ್ಸ್ ಹೇಳಿದಳು. ಈಗಲೂ ಯೋಚಿಸುತ್ತಿದ್ದೇನೆ, ಆ ಬಡ್ಡೀಮಗನಿಗೆ ನನ್ನಿಂದ ಏನು ಬೇಕಿತ್ತು ಅಂತ.