ಕುರಿಯ ಕಿವಿ ಕೊಟ್ಟು ಮಾತು ಕಸಿದವರಿಗೆ

ಶಿಕ್ಷಣಾಧಿಕಾರಿಗಳೇ,

ನಮ್ಮ ಬಾಲ್ಕರ್ ಭಾಷೆಯ ಪಠ್ಯದಿಂದ ವಿಭಕ್ತಿಗಳನ್ನೂ ‘ನನ್ನ’, ‘ನಿನ್ನ’ ಎನ್ನುವ ಪ್ರತ್ಯಯಗಳನ್ನೂ ಕಿತ್ತುಹಾಕಿದ್ದೀರಿ. ವಾರಕ್ಕೆ ಮೂರಿದ್ದ ತರಗತಿ ಒಂದಾಯಿತು. ಅದರಲ್ಲೂ ಬರೀ ಹಾಡು, ಕುಣಿತ. ವ್ಯಾಕರಣ ಮಕ್ಕಳಿಗೆ ಹೊರೆಯಂತೆ! ರಷ್ಯನ್ನಿನ ಆರು ವಿಭಕ್ತಿ ಅದೇ ಮಕ್ಕಳಿಗೆ ಹೂವಿನ ಹಾರವೇ? ನಿಮ್ಮ ಕರುಣೆಗೆ ಏನೆನ್ನಲಿ.

ನಮ್ಮಲ್ಲಿ ‘ನನ್ನ ಮನೆಯಿಂದ’ ಎನ್ನುವುದು ಒಂದೇ ಪದ, ಉಯುಮ್‌ದೆನ್. ಮೊದಲು ಮನೆ, ಅದರ ಬೆನ್ನಿಗೆ ‘ನನ್ನ’, ಕೊನೆಗೆ ‘ಇಂದ’. ಬಾಲ ಕತ್ತರಿಸಿದರೆ ಉಳಿಯುವುದು ಬರೀ ಮನೆ. ಯಾರದ್ದು, ಅಲ್ಲಿಂದ ಹೋದರೋ ಅಲ್ಲಿಗೆ ಬಂದರೋ ತಿಳಿಯದು. ನನ್ನ ತಾಯಿ ತೌಜಾನ್ ಎಂಟು ವರ್ಷದವಳಿದ್ದಾಗ, ನಲವತ್ತನಾಲ್ಕನೇ ಇಸವಿಯ ಮಾರ್ಚಿನಲ್ಲಿ, ನಮ್ಮ ಜನರನ್ನೆಲ್ಲ ಗಡಿಪಾರು ಮಾಡಿದಾಗ, ಸೈನಿಕರು ಅವಳನ್ನೂ ಮನೆಯಿಂದೆಬ್ಬಿಸಿ ಲಾರಿ ಹತ್ತಿಸಿದರು. ಕಜಕ್ ಬಯಲಿನಿಂದ ಮರಳುವ ಹೊತ್ತಿಗೆ ದೊಡ್ಡವಳಾಗಿದ್ದಳು. ಆ ಕತೆಯನ್ನು ಅಮ್ಮ ಈಗ ನನ್ನ ಮೊಮ್ಮಗಳು ಕುಲಿಜಾರ್‌ಗೆ ನಮ್ಮ ಭಾಷೆಯಲ್ಲೇ ಹೇಳುತ್ತಾಳೆ. ಅಮ್ಮನಿಗೆ ರಷ್ಯನ್ ಬರುತ್ತದೆ. ಆ ದಿನವನ್ನು ಮಾತ್ರ ಆ ಭಾಷೆಯಲ್ಲಿ ಹೇಳಲಾರೆ ಅನ್ನುತ್ತಾಳೆ. ಮಗುವಿಗೆ ಗುರುತು ಸಿಕ್ಕಿದ್ದು ಮನೆ, ಲಾರಿ ಅಷ್ಟೇ. “ಅಜ್ಜಿ, ಮುತ್ತಜ್ಜಿ ಮನೆಗೆ ಲಾರಿ ತಗೊಂಡ್ರಾ?” ಎಂದು ನನ್ನನ್ನು ಕೇಳಿತು.

ಮನೆಯಲ್ಲೇ ಕಲಿಸಿ ಅನ್ನುತ್ತೀರಿ. ಕಲಿಸುತ್ತಲೇ ಇದ್ದೇನೆ ಸ್ವಾಮಿ. “ಸ್ಕೂಲಲ್ಲೇ ಬೇಡ ಅಂದಿದ್ದು ನಂಗ್ಯಾಕೆ?” ಅನ್ನುವ ಮಗುವಿಗೆ ನಿಮ್ಮ ವಿಳಾಸ ಕೊಡಲೇ?

ಕಳೆದ ತಿಂಗಳು ಮಾತೃಭಾಷಾ ದಿನಕ್ಕೆ ನಮ್ಮೂರಿಗೆ ದಯಮಾಡಿಸಿದಿರಿ. ಹಿರಿಯ ಅತಿಥಿಗೆ ಸಲ್ಲುವ ಬೇಯಿಸಿದ ಕುರಿತಲೆಯನ್ನು ನಿಮ್ಮ ಮುಂದಿಟ್ಟೆವು. ನೀವೂ ನಮ್ಮವರೇ ತಾನೆ, ಪದ್ಧತಿ ಮರೆತಿರಲಿಲ್ಲ. ಕಿವಿ ಕೊಯ್ದು ಪಂಕ್ತಿಯಲ್ಲಿ ಎಲ್ಲರಿಗಿಂತ ಚಿಕ್ಕವಳಾದ ಕುಲಿಜಾರ್ ಕೈಗಿಟ್ಟಿರಿ.

“ತಿನ್ನು ಪುಟ್ಟಿ. ದೊಡ್ಡೋರ ಮಾತು ಕೇಳ್ಬೇಕು, ಆಯ್ತಾ?” ಎಂದಿರಿ, ರಷ್ಯನ್ನಿನಲ್ಲಿ.

“ಕೇಳ್ತೀನಿ ಮಾವ. ಆದ್ರೆ ಮುತ್ತಜ್ಜಿ ಹೇಳೋದು ನಂಗೆ ಅರ್ಥಾನೇ ಆಗಲ್ವಲ್ಲ.”

ಎಲ್ಲರೂ ನಕ್ಕರು. ನೀವೂ ನಕ್ಕು, ಇನ್ನೊಂದು ಖಿಚಿನ್ ರೊಟ್ಟಿ ಹಾಕಿಸಿಕೊಂಡಿರಿ. ಅಮ್ಮ ನಗಲಿಲ್ಲ. ನನ್ನತ್ತ ಬಾಗಿ, “ಅವತ್ತು ಲಾರಿ ಹತ್ತಿಸಿದಾಗ ಮನೆ, ದನ ಎಲ್ಲ ಬಿಟ್ಟು ಹೋದ್ವಿ ಕಣೇ. ಮಾತೊಂದು ಜೊತೇಲೇ ಬಂತು” ಅಂದಳು. ಆಮೇಲೆ ಊಟ ಮುಟ್ಟಲಿಲ್ಲ.

ಕಿತ್ತುಹಾಕಿದ ಪಾಠಗಳನ್ನೂ ತರಗತಿಗಳನ್ನೂ ಈ ಸೆಪ್ಟೆಂಬರಿಗೇ ಹಿಂದಿರುಗಿಸಿ. ಅಮ್ಮನಿಗೆ ಎಂಬತ್ತೆಂಟು ದಾಟಿದೆ. ನಿಮ್ಮ ಸಮಿತಿಗಳಿಗಾಗಿ ಅವಳು ಕಾಯಲಾರಳು. ಆಗದೆಂದರೆ ನೀವೇ ಬನ್ನಿ. ಅಮ್ಮನ ಎದುರಿಗೆ ಕೂತು, ಆ ಮಗುವಿಗೆ ಆ ಕತೆಯನ್ನು ನಿಮಗೆ ಪ್ರಿಯವಾದ ಭಾಷೆಯಲ್ಲೇ ಹೇಳಿ. ಯಾರು, ಯಾರನ್ನು, ಯಾರ ಮನೆಯಿಂದ ಹೊರಹಾಕಿದರು ಅನ್ನುವುದನ್ನು ಮಾತ್ರ ಬಿಡದೆ ಹೇಳಿ.

ಇಂತಿ,
ಹಾಡು ಹೇಳಿಸಲು ಮಾತ್ರ ಅಪ್ಪಣೆ ಉಳಿದಿರುವ ಭಾಷಾ ಶಿಕ್ಷಕಿ,
ಸಫಿಯಾತ್